ಸೌನಾ ಕೋಣೆಯಲ್ಲಿ ಅತ್ತೆ ಕೇಳಿದ ಪ್ರಶ್ನೆ

ಸ್ನೇಹಿತರೇ, ಊರಿಂದ ಬಂದವರಿಗೆ ಇಲ್ಲಿ ಏನು ತೋರಿಸುವುದು ಎಂದು ನನ್ನನ್ನು ಇನ್ನು ಕೇಳಬೇಡಿ.

ಹಾಸನದಿಂದ ಬಂದಿರುವ ಸೋದರತ್ತೆ, ಮಾವನನ್ನು ಇವತ್ತು ನಾನಿರುವ ಫ್ರೀಮಾಂಟಿನಿಂದ ಮೂರು ಗಂಟೆ ಡ್ರೈವ್ ಮಾಡಿ ಒಂದು ಹಳೆಯ ಫಾರ್ಮಿಗೆ ಕರೆದೊಯ್ದೆ. ಫಿನ್ಲೆಂಡಿನಿಂದ ವಲಸೆ ಬಂದವರು ಕಟ್ಟಿಕೊಂಡ ಮನೆ, ಕೊಟ್ಟಿಗೆ, ಹಿಂದೆ ಮರದ ದಿಮ್ಮಿಗಳ ಪುಟ್ಟ ಸೌನಾ, ಅಂದರೆ ಹಬೆಸ್ನಾನದ ಕೋಣೆ. ಆಗಿನ ಹೆಂಗಸರಿಗೆ ಹೆರಿಗೆ ಆಗುತ್ತಿದ್ದುದೂ ಅದರೊಳಗೇ ಎಂದಳು ಗೈಡ್. ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

ಅತ್ತೆ ಒಲೆಯ ಕಲ್ಲು ಮುಟ್ಟಿ ನೋಡಿದರು. "ಮೊದ್ಲೇ ಒಲೆ ಹಚ್ಚಿ ಬೆಚ್ಚಗೆ ಮಾಡಿಡ್ತಿದ್ರಂತಾ?"

"ಹೂಂ ಅತ್ತೆ."

"ನನ್ನ ಮೊದ್ಲನೇ ಹೆರಿಗೇಲಿ ಯಾರೂ ಬೆಂಕಿ ಹಾಕ್ಲಿಲ್ಲ ಕಣೇ. ಮೈಲಿಗೆ ಅಂತ ಊರಾಚೆ ಗುಡ್ಲಲ್ಲಿ ಇಟ್ಟಿದ್ರು. ಹೆಣ್ಮಗು. ಚಳಿಗೇ ಹೋಯ್ತು."

ಅವರಿಗೆ ಇಬ್ಬರು ಗಂಡುಮಕ್ಕಳು ಎಂಬುದಷ್ಟೇ ನನಗೆ ಇಷ್ಟು ವರ್ಷ ಗೊತ್ತಿದ್ದುದು.

ಮಾವ ರೇಗಿದರು. "ಸುತ್ತಾಡಕ್ಕೆ ಬಂದಿರೋ ಕಡೆ ಈಗ್ಯಾಕೆ ಅದೆಲ್ಲ?"

"ಅವತ್ತು ಕೆಂಡ ತನ್ನಿ ಅಂತ ಕೂಗ್ದಾಗ್ಲೂ ನೀವು ‘ಈಗ್ಯಾಕೆ’ ಅಂದ್ರಿ."

ಅತ್ತೆಯ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. ನಾನು ಅವರ ಕೈ ಹಿಡಿದುಕೊಂಡೆ.

ಏನು ಹೇಳಿದರು ಎಂದು ಗೈಡ್ ನನ್ನನ್ನು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಮಾವ ತಮ್ಮ ಇಂಗ್ಲಿಷಿನಲ್ಲಿ ಉತ್ತರಿಸಿಬಿಟ್ಟರು: "ಶೀ ಈಸ್ ಸೇಯಿಂಗ್, ವೆರಿ ನೈಸ್."

ಗೈಡ್ ಮುಖ ಅರಳಿತು. ಈ ಕೋಣೆಗೆ ಬಂದವರೆಲ್ಲ ಹಾಗೇ ಹೇಳುತ್ತಾರಂತೆ.