ಆಮೆ ಮೊಟ್ಟೆಗೆ ಗಂಗಕ್ಕನ ಕುಂಕುಮ

ಚನ್ನಗಿರಿ ಗೆಳೆಯರೇ, ಈ ಇನ್‌ಲ್ಯಾಂಡ್ ಲೆಟರನ್ನು ನಮ್ಮ ಸಂಘದ ಗೋಡೆಗೆ ಹಚ್ಚಿರಿ. ಇವತ್ತು ಕಡಲತೀರದಲ್ಲಿ ಅಲೆ ಬಡಿಯುವ ಕಡೆ ಇದ್ದ ಆಮೆ ಮೊಟ್ಟೆಗಳನ್ನು ಮೇಲಿನ ಮರಳಿಗೆ ಸಾಗಿಸುತ್ತಿದ್ದೆವು. ನಮ್ಮ ಜೊತೆ ಬಂದಿರುವ ಕೆರೆಬಿಳಚಿಯ ಗಂಗಕ್ಕ ಭರಣಿ ತೆಗೆದು ಒಂದೊಂದು ಮೊಟ್ಟೆಯ ನೆತ್ತಿಗೂ ಕುಂಕುಮ ಇಟ್ಟಳು. ಆಮೆ ಉಳಿಸುವ ಈ ಶಿಬಿರದ ಸಾಹೇಬರು ರೇಗಿದರು: “ಪೂಜೆ ಮಾಡೋಕೆ ಬಂದ್ರೇನಮ್ಮಾ?”

“ಪೂಜೆ ಅಲ್ರೀ, ಗುರ್ತು. ಬೀಜದಡಿಕೆ ಊರುವಾಗ ತೊಟ್ಟು ಮೇಲೇ ಇರಬೇಕು. ಇದರಾಗೂ ಜೀವ ಐತಲ್ಲ, ತಲೆಕೆಳಗಾಗಬಾರದು ಅಂತ ಇಟ್ಟೀನಿ.”

ಸಾಹೇಬರು ಹಣೆ ಚಚ್ಚಿಕೊಂಡರು. ಮೊಟ್ಟೆ ಹೊರಳಿದರೆ ಒಳಗಿನ ಮರಿ ಸಾಯುತ್ತದೆ ಅಂತ ನಮಗೆ ಹೇಳೋದನ್ನು ಅವರೇ ಮರೆತಿದ್ದರು!

ಮಧ್ಯಾಹ್ನ ಇನ್ನೊಂದು ಗೂಡು ಸಿಕ್ಕಿತು. “ಗಂಗಕ್ಕಾ, ಭರಣಿ ತನ್ನಿ!” ಅಂತ ಕೂಗಿದವರು ಸಾಹೇಬರೇ. ಪೂಜೆಗೇನ್ರೀ ಅಂತ ಕೇಳುವ ಆಸೆಯಾಯಿತು, ಮರ್ಯಾದೆಗೆ ಸುಮ್ಮನಿದ್ದೆ.