ಬಾನಿಯೊಳಗಿನ ಮಣ್ಣುಮುಕ್ಕ

ನಮ್ಮ ಯಜಮಾನರು ಮೋಟಾರು ರಿಪೇರಿ ಮಾಡುತ್ತಿದ್ದರು. ತಂಬ್ರಹಳ್ಳಿಯ ಸುತ್ತ ಯಾರ ಹೊಲದ ಪಂಪ್‌ಸೆಟ್ ಸುಟ್ಟರೂ ಇವರಿಗೇ ಕರೆ ಬರುತ್ತಿತ್ತು. ಮೋಟಾರಿನ ಮನೆಯೆಂದರೆ ಬೆಚ್ಚಗಿನ ಕತ್ತಲೆ, ಮೂಲೆಯಲ್ಲಿ ಇಲಿ. ಹಾವು ಇಲ್ಲದಿದ್ದರೆ ಆಶ್ಚರ್ಯ. ನಾಗರ, ಕೊಳಕುಮಂಡಲ ಕಂಡರೆ ಇವರು ದೂರ ನಿಂತು, ಅದು ತಾನಾಗಿ ಹೋಗುವವರೆಗೆ ಬೀಡಿ ಸೇದುತ್ತಿದ್ದರು. ವಿಷವಿಲ್ಲದ್ದಾದರೆ ಕೈಯಲ್ಲೇ ಎತ್ತಿ ಬದುವಿಗೆ ಬಿಡುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಮುಂಗಾರಿನಲ್ಲಿ ಬಿಡದೆ ಮನೆಗೇ ತಂದರು. ನಾನು ಜಂಪರಿಗೆ ಹುಕ್ಕು ಹಚ್ಚುತ್ತ ಕುಳಿತಿದ್ದೆ. ಎರಡು ದಿಂಬಿನ ಚೀಲಗಳನ್ನು ನನ್ನ ಮುಂದಿಟ್ಟರು. ಎರಡೂ ನಾನೇ ಕಸೂತಿ ಹಾಕಿದವು.

"ಹೆಬ್ಬಾವಿನ ಮರಿ ಅಂತ ಎರಡು ಹೊಲದೋರು ಎರಡು ಕೊಟ್ರು. ಒಂದನ್ನ ಇಟ್ಕಳ್ಳಾಣ. ಯಾವುದು ಅಂತ ನೀನ ಹೇಳು."

"ನನ್ನ ದಿಂಬಿನ ಚೀಲನ ಸಿಕ್ವೇನ್ರಿ ನಿಮಗ?"

"ಕೂಸು ಮಲಗಾಕ ಮೆತ್ತಗಿರಲಿ ಅಂತ," ಎಂದು ನಕ್ಕರು.

ಒಳಗಿನಿಂದ ಅತ್ತೆಯ ದನಿ ಬಂತು. "ನಮ್ಮ ಮನಿಗೆ ಕೂಸು ಬರೋದು ಚೀಲದಾಗ ಅಂತ ಈಗ ಗೊತ್ತಾತು ನೋಡು."

ಮದುವೆಯಾಗಿ ಬಹಳ ವರ್ಷವಾಗಿದ್ದರೂ ನಮಗೆ ಮಕ್ಕಳಿರಲಿಲ್ಲ. ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಇವರು ಮಾತ್ರ ದನಿ ಏರಿಸಲಿಲ್ಲ. "ಬೇ ಅವ್ವಾ, ಇದು ಅಳಂಗಿಲ್ಲ, ಹಟ ಮಾಡಂಗಿಲ್ಲ. ನನಗಿಂತ ಚಲೋ ಐತಿ," ಎಂದರು. ಒಳಗೆ ಅತ್ತೆ ನಕ್ಕದ್ದು ನಮಗೆ ಕೇಳಿಸಿತು.

ಚೀಲ ಬಿಚ್ಚಿದಾಗ ಎರಡೂ ನನಗೆ ಒಂದೇ ಥರ ಕಂಡವು: ಮಣ್ಣಿನ ಬಣ್ಣದ ಮೈ, ಮೇಲೆ ಕಂದು ಮಚ್ಚೆ. ನಮ್ಮ ಕಡೆ ಎರಡಕ್ಕೂ ಹೆಬ್ಬಾವಿನ ಮರಿ ಎಂದೇ ಹೇಳುತ್ತಾರೆ. ಇವರು ಬಾಲ ತೋರಿಸಿದರು. ಒಂದರದ್ದು ಉದ್ದಕ್ಕೆ ಸಣ್ಣಗಾಗುತ್ತ ಹೋಗಿತ್ತು. ಅದು ನಿಜವಾದ ಹೆಬ್ಬಾವಿನ ಮರಿ. ಇನ್ನೊಂದರದ್ದು ಮೊಂಡು, ಒರಟು, ಸವೆದ ಪೆನ್ಸಿಲಿನ ಹಾಗೆ. ಅದು ಮಣ್ಣುಮುಕ್ಕ, ಅಷ್ಟಕ್ಕೇ ಪೂರ್ತಿ ಬೆಳೆದದ್ದು.

ನನ್ನ ಕಣ್ಣು ಮರಿಯ ಮೇಲೆಯೇ ಇತ್ತು. ಅದರ ಮೈ ಹೊಸ ರೇಷ್ಮೆಯಂತಿತ್ತು, ತಲೆಯ ಮೇಲೆ ಬಾಣದ ಗುರುತು. ಮಣ್ಣುಮುಕ್ಕ ನೋಡಲು ಚೆಂದವಿರಲಿಲ್ಲ. ಆದರೂ ನಾನು ಕೇಳಿದೆ, "ಈ ಮರಿ ಎಷ್ಟು ಬೆಳಿತೈತ್ರಿ?"

"ನಮ್ಮ ಮನಿ ತೊಲಿಯಷ್ಟು."

"ಆಮೇಲೆ?"

"ಆಮೇಲೆ ಬಿಟ್ಟು ಬರಬೇಕು."

"ಹಂಗಾದ್ರ ಅದು ಬ್ಯಾಡ. ಸಾಕಿದ ಮ್ಯಾಲೆ ಬಿಟ್ಟು ಬರೋದು ನನ್ನ ಕೈಲಿ ಆಗಂಗಿಲ್ಲ. ಈಗ ಇದ್ದಷ್ಟ ಇರೋದು ಬೇಕು ನನಗ."

ಆ ದಿನ ಸಂಜೆಯೇ ಇವರು ಮರಿಯನ್ನು ಅಣೆಕಟ್ಟಿನ ಹಿನ್ನೀರಿನ ಜೊಂಡಿನಲ್ಲಿ ಬಿಟ್ಟು ಬಂದರು. ಮಣ್ಣುಮುಕ್ಕಕ್ಕೆ ಹಿತ್ತಲಿನ ಒಡಕು ಬಾನಿ ಮನೆಯಾಯಿತು. ಹಳ್ಳದ ಮಳಲು ತಂದು, ಒಣಗಿಸಿ, ಜರಡಿ ಹಿಡಿದು ತುಂಬಿಸಿದೆವು. ಇಂಥದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದೆಂಬ ಕಾಯಿದೆ ಇರುವುದು ನಮಗೆ ಆಗ ತಿಳಿದಿರಲಿಲ್ಲ. ತಿಳಿದ ಮೇಲೆ ಅದನ್ನೂ ಬಿಟ್ಟು ಬಂದೆ. ಅದು ಬಹಳ ವರ್ಷಗಳ ಮೇಲಿನ ಮಾತು.

ಅದು ಸದಾ ಮಳಲಿನೊಳಗೇ ಇರುತ್ತಿತ್ತು. ಮೂಗಿನ ತುದಿಯಷ್ಟೇ ಹೊರಗೆ. ಯಾವಾಗಲೋ ಒಮ್ಮೆ ಒಂದು ಸುಂಡಿಲಿ ತಿಂದರೆ ವಾರಗಟ್ಟಲೆ ಸುದ್ದಿಯಿಲ್ಲ. ಅದು ನೆಕ್ಕಿದರೆ ತೊನ್ನು ಬರುತ್ತದೆಂದು ಓಣಿಯವರು ಹೆದರಿಸುತ್ತಿದ್ದರು. ಜಂಪರು ಹೊಲಿಸಲು ಬಂದ ಹೆಂಗಸರು ನನ್ನ ಬೆರಳುಗಳನ್ನು ಮೊದಲು ನೋಡಿ ಆಮೇಲೆ ಬಟ್ಟೆ ಕೊಡುತ್ತಿದ್ದರು. ಅತ್ತೆ ಒಮ್ಮೆಯೂ ಅದನ್ನು ಮುಟ್ಟಲಿಲ್ಲ. ಬಾನಿಯ ಹತ್ತಿರ ಹೋಗುವಾಗ ಸೆರಗನ್ನು ಎತ್ತಿ ಹಿಡಿಯುತ್ತಿದ್ದರು. ನಾನು ಮಳಲಿನೊಳಗೆ ಕೈಯಿಟ್ಟು ಸುಮ್ಮನೆ ಕೂರುವುದನ್ನು ಇವರಿಂದ ಕಲಿತೆ. ಸ್ವಲ್ಪ ಹೊತ್ತಿಗೆ ಅದು ತಾನಾಗಿ ಅಂಗೈ ಕೆಳಗೆ ಬಂದು ನಿಲ್ಲುತ್ತಿತ್ತು. ಅಂಗೈಯ ಕಾವಿಗೆ ಬರುತ್ತದೆ, ಪ್ರೀತಿಗಲ್ಲ ಎಂದು ಇವರು ಹೇಳಿದ್ದರು. ನನಗೆ ಅಷ್ಟು ಸಾಕಾಗಿತ್ತು.

ಕೆಲವು ವರ್ಷದ ಮೇಲೆ, ಒಂದು ಬೇಸಿಗೆಯ ಮಧ್ಯಾಹ್ನ, ಯಾರದೋ ಹೊಲದಲ್ಲಿ ಮೋಟಾರು ಬಿಚ್ಚುತ್ತಿದ್ದಾಗ ಇವರಿಗೆ ಎದೆ ನೋವು ಬಂತು. ಎತ್ತಿನ ಗಾಡಿಯಲ್ಲಿ ರಸ್ತೆಗೆ ತರುವಷ್ಟರಲ್ಲಿ ಮುಗಿದಿತ್ತು.

ಮಣ್ಣು ಮಾಡಿ ಬಂದ ಮೇಲೆ ನಮ್ಮಲ್ಲಿ ಮನೆಯ ಹಳೆಯ ನೀರನ್ನೆಲ್ಲ ಚೆಲ್ಲಿ, ಕೊಡ, ಗಡಿಗೆ, ಬಾನಿಗಳಿಗೆಲ್ಲ ಹೊಸ ನೀರು ಹಾಕಿ ತೊಳೆಯುತ್ತಾರೆ. ಯಾರೋ ನೆಂಟರ ಹೆಂಗಸು ಮಳಲಿನ ಬಾನಿಗೂ ಒಂದು ಕೊಡ ಸುರುವಿದರು. ಹಿತ್ತಲಿನಿಂದ ಕೂಗು ಕೇಳಿ ನಾನು ಎದ್ದು ಹೋದೆ. ಮಣ್ಣುಮುಕ್ಕ ಪೂರ್ತಿ ಮೇಲೆ ಬಂದು ಬಾನಿಯ ಅಂಚಿಗೆ ಕತ್ತು ಒರಗಿಸಿತ್ತು. ಹಗಲು ಹೊತ್ತಿನಲ್ಲಿ ಅದು ಹಾಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಹೆಂಗಸರು ಕೈ ಮುಗಿದು ನಿಂತಿದ್ದರು.

"ಬಂದಾನ ನೋಡ್ರಿ. ಮನಿ ಬಿಟ್ಟು ಹೋಗಾಕ ಮನಸ್ಸಾಗಿಲ್ಲ ಅವನಿಗೆ," ಎಂದರು ಅವರಲ್ಲೊಬ್ಬರು.

ಅತ್ತೆ ಅಡುಗೆಮನೆಯಿಂದ ಹಾಲಿನ ತಂಬಿಗೆ ಹಿಡಿದು ಬಂದರು. ಎರಡು ದಿನದಿಂದ ಒಂದು ತುತ್ತು ತಿಂದಿರಲಿಲ್ಲ. ಅವರ ಮುಖದಲ್ಲಿ ಒಂದು ಬಗೆಯ ಸಂತೋಷವಿತ್ತು. ಅದನ್ನು ನೋಡಲು ನನಗೆ ಆಗಲಿಲ್ಲ.

"ಹಾಲು ಹಾಕಬ್ಯಾಡ್ರಿ ಅತ್ತಿ. ಮಳಲು ಒದ್ದಿ ಆಗೈತಿ, ಅದಕ್ಕ ಅದು ಮ್ಯಾಲೆ ಬಂದೈತಿ. ಹಾಲು ಹಾಕಿದ್ರ ಸತ್ತು ಹೋಕ್ಕೈತಿ."

"ಅದು ಅಂತೀಯಾ? ಹಡೆದಾಕಿ ನಾನು. ನನಗ ಗೊತ್ತಾಗಂಗಿಲ್ಲೇನು?"

ಸುತ್ತ ನಿಂತವರು ನನ್ನನ್ನು ಕಲ್ಲು ಮನಸ್ಸಿನವಳೆಂಬಂತೆ ನೋಡಿದರು. ನನಗೆ ಅಂಜಿಕೆಯಾಗಲಿಲ್ಲ. ಈ ಜೀವ ಉಳಿಯುವುದಕ್ಕೆ ಏನು ಬೇಕೆಂದು ಆ ಮನೆಯಲ್ಲಿ ಇನ್ನು ಗೊತ್ತಿದ್ದವಳು ನಾನೊಬ್ಬಳೇ. ಅದೂ ಹೋದರೆ ನಾವಿಬ್ಬರೂ ಸೇರಿ ಸಾಕಿದ್ದೊಂದು ಭೂಮಿಯ ಮೇಲೆ ಉಳಿಯುತ್ತಿರಲಿಲ್ಲ. ತಂಬಿಗೆಯನ್ನು ಅತ್ತೆಯ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಕೆಳಗಿಟ್ಟೆ. ಹಾವನ್ನು ಎರಡೂ ಕೈಯಲ್ಲಿ ಎತ್ತಿ ಅವರ ಮುಂದೆ ಹಿಡಿದೆ.

"ಮುಟ್ಟಿ ನೋಡ್ರಿ. ನಿಮ್ಮ ಮಗ ಅಂತ ಅನ್ನಿಸಿದ್ರ ನೀವು ಹೇಳಿದಂಗ ಆಗಲಿ."

ಅವರು ಸೆರಗು ಎತ್ತಿ ಹಿಡಿಯಲಿಲ್ಲ. ಮಗುವಿಗೆ ಜ್ವರವಿದೆಯೇ ಎಂದು ನೋಡುವ ಹಾಗೆ ಕೈಯ ಹಿಂಭಾಗವನ್ನು ಅದರ ಬೆನ್ನಿಗೆ ಹಚ್ಚಿದರು. ಬಹಳ ಹೊತ್ತು ತೆಗೆಯಲಿಲ್ಲ.

"ತಣ್ಣಗೈತಿ," ಎಂದರು. "ನನ್ನ ಮಗನ ಮೈ ಯಾವಾಗಲೂ ಬೆಚ್ಚಗ ಇರತಿತ್ತು. ಚಳಿಗಾಲದಾಗೂ."

ಆಮೇಲೆ ಅಲ್ಲೇ, ಹಸಿ ನೆಲದ ಮೇಲೆ ಕುಳಿತು, ಆ ಎರಡು ದಿನದಲ್ಲಿ ಮೊದಲ ಸಲ ದನಿ ತೆಗೆದು ಅತ್ತರು. ನಾನು ಹಾವನ್ನು ಮಡಿಲಲ್ಲಿಟ್ಟುಕೊಂಡು ಅವರ ಪಕ್ಕ ಕುಳಿತೆ. ನೆಂಟರು ಒಬ್ಬೊಬ್ಬರಾಗಿ ಒಳಗೆ ಹೋದರು.

ಅಳು ನಿಂತ ಮೇಲೆ ಅತ್ತೆ ಮೂಗು ಒರೆಸಿಕೊಂಡು ಕೇಳಿದರು, "ಮಳಲು ಎಲ್ಲಿ ಐತಿ?"

ಗೋಡೆಯ ಬದಿಗೆ ಇವರು ತಂದಿಟ್ಟ ಒಂದು ಚೀಲ ಒಣ ಮಳಲು ಹಾಗೇ ಇತ್ತು. ಅತ್ತೆ ಎದ್ದು ಹೋಗಿ ಜೋಳದ ಹಿಟ್ಟಿನ ಜರಡಿಯನ್ನೇ ತಂದರು. ನಾನು ಬೇಡವೆನ್ನಲಿಲ್ಲ. ಅವರು ಬಾನಿಯ ಹಸಿ ಮಳಲು ಚೆಲ್ಲಿ, ಒಣ ಮಳಲಿಗೆ ಜರಡಿ ಹಿಡಿದರು. ಬಾನಿ ಅರ್ಧ ತುಂಬಿದಾಗ ಹಾವನ್ನು ಇಳಿಸಿದೆ. ಅದು ಮೂಗು ಊರಿ, ಮೊಂಡು ಬಾಲ ಒಮ್ಮೆ ಆಡಿಸಿ, ಒಳಗೆ ಹೋಯಿತು.

"ಇದಕ್ಕ ಏನಾರ ತಿನ್ನಾಕ ಹಾಕತೀಯೇನು?" ಎಂದು ಅತ್ತೆ ಕೇಳಿದರು.

"ಇವತ್ತು ಅದಕ್ಕ ಬೇಕಾಗಿಲ್ರಿ. ನೀವು ಉಣ್ರಿ," ಎಂದೆ.