ಎರಡನೇ ಸಲದ ಚರಗ

ಜಹೀರಾಬಾದಿನ ಸುಮಿತ್ರಾಬಾಯಿ ಸಿಟ್ಟಿನ ಹೆಂಗಸಲ್ಲ. ಕನ್ನಡ ಶಾಲೆಯಲ್ಲಿ ಆಯುಷ್ಯ ಸವೆಸಿದರೂ ಒಂದು ಮಗುವಿನ ಮೇಲೆ ಕೈ ಎತ್ತಿದವರಲ್ಲ. ಆದರೆ ಮೊಗುಡಂಪಲ್ಲಿಯ ಆ ಎಳ್ಳು ಅಮಾವಾಸ್ಯೆಯ ಸುದ್ದಿ ತೆಗೆದರೆ ಚಹಾ ಬಸಿ ಕೆಳಗಿಟ್ಟು ಬೈಯಲು ಶುರುಮಾಡುತ್ತಿದ್ದರು. ಬೈಯಬೇಕಾದದ್ದೇ ಬಿಡಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಹೈದರಾಬಾದಿನ ಒಂದು ಪ್ರವಾಸೋದ್ಯಮ ಸಂಸ್ಥೆಗೆ ಹಳ್ಳಿಗಳಿಗೆ ಪ್ರವಾಸಿಗರನ್ನು ತರುವ ಹುಕಿ ಬಂತು. ಏನು ತೋರಿಸಬೇಕು ಅಂತ ಊರವರಿಂದಲೇ ಹೊಸ ವಿಚಾರ ಹೊರಡಿಸುವ ಬೈಠಕ್ಕುಗಳಾಗಬೇಕು. ಕನ್ನಡ, ತೆಲುಗು, ಉರ್ದು ಮೂರೂ ಬಲ್ಲ ಸುಮಿತ್ರಾಬಾಯಿಗೆ ಅವನ್ನು ನಡೆಸುವ ಕೆಲಸ ಬಂತು. ತಾಂಡೂರು, ನಾರಾಯಣಖೇಡ ಎಲ್ಲ ಕಡೆ ಅವರದು ಒಂದೇ ಕಾಯಿದೆ: ಯಾರು ಏನೇ ಹೇಳಲಿ, ನಗಬಾರದು, 'ಬ್ಯಾಡ' ಅನ್ನಬಾರದು. ಗಂಡಸರು ಕಾರಂಜಿ ಬೇಕೆಂದರು, ಟಾಕೀಜು ಬೇಕೆಂದರು. ಸುಮಿತ್ರಾಬಾಯಿ ಎಲ್ಲವನ್ನೂ ನಗುಮುಖದಿಂದ ಕೇಳಿದರು.

ಮೊಗುಡಂಪಲ್ಲಿಯ ಬೈಠಕ್ಕಿನಲ್ಲಿ ರೈತ ವಿಠೋಬಾನ ಹೆಂಡತಿ ಜನಾಬಾಯಿ ಬಾಗಿಲ ಮರೆಯಲ್ಲಿ ಕೂತಿದ್ದಳು. ನಾಲ್ಕು ಮಂದಿ ಗಂಡಸರ ಮುಂದೆ ಎಂದೂ ಬಾಯಿ ಬಿಡದವಳು ಅಂದು ಮಾತಾಡಿದಳು.

"ಎಳ್ಳಮಾಸಿ ದಿನ ನಮ್ಮ ಹೊಲಕ್ಕ ಕರಕೊಂಡ ಬರ್ರಿ. ಅವತ್ತ ದಾರ್‍ಯಾಗ ಹೋಗೋರ್ನೆಲ್ಲ ನಿಂದರಿಸಿ ಉಣಸ್ತೀವ್ರಿ. ಯಾರು, ಎಲ್ಲಿಯವರು ಅಂತ ಕೇಳಂಗಿಲ್ಲ. ನಮ್ಮ ಸಂಗಟ ಕುಂತು ಭಜ್ಜಿ-ರೊಟ್ಟಿ ಉಣ್ಣಲಿ."

ಸುಮಿತ್ರಾಬಾಯಿಗೆ ಎದೆ ತುಂಬಿ ಬಂತು. "ನೀ ಹೇಳಿದಂಗೇ ಆಗ್ತದವ್ವ. ನಾ ಮಾತು ಕೊಡ್ತೀನಿ" ಅಂದರು.

ಎಳ್ಳಮಾಸಿ ಬಂತು, ಪ್ರವಾಸಿಗರ ಜೊತೆ ಸುಮಿತ್ರಾಬಾಯಿಯನ್ನೂ ಹೊತ್ತು ಬಸ್ಸೂ ಬಂತು. ಬಸ್ಸಿಗಿಂತ ಮೊದಲೇ ಸಂಸ್ಥೆಯ ಸಾಹೇಬ ಬಂದು ಹೊಲದಲ್ಲಿ ಶಾಮಿಯಾನ ಹಾಕಿಸಿದ್ದ. ಕುರ್ಚಿ, ಮೇಜು, ನಡುವೆ ಒಂದು ಹಗ್ಗ. ಹಗ್ಗದ ಆಚೆ ಪ್ರವಾಸಿಗರು, ಈಚೆ ಹೊಲದ ಒಡೆಯರು! ಬಂದವರಲ್ಲಿ ಕೆಲವರು ನೆಲದ ಮೇಲೆ ಕೂರಲು ಎದ್ದರೆ, ಸಾಹೇಬ ಓಡಿ ಹೋಗಿ ತಡೆದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋದು ಸುಳ್ಳಲ್ಲ.

ವಿಠೋಬಾ, ಜನಾಬಾಯಿ ಹೊಲದ ಲಕ್ಷ್ಮಿಗೆ ಪೂಜೆ ಮಾಡಿ, ಅಂಬಲಿ, ಕಾಳು-ಸೊಪ್ಪಿನ ಭಜ್ಜಿ, ರೊಟ್ಟಿಯ ಚೂರು ಚೆಲ್ಲುತ್ತ ಹೊಲ ಸುತ್ತಿ ಬಂದರು. ಇದೇ ಚರಗ. ಭೂಮಿತಾಯಿ ಉಂಡ ಮೇಲೆ ಮನುಷ್ಯರು ಉಣ್ಣುವುದು. ಅಷ್ಟರಲ್ಲಿ ಸಾಹೇಬ ಬಂದ. ಫೋಟೋದವನು ಕ್ಯಾಮೆರಾ ಸರಿಮಾಡಿಕೊಳ್ಳುತ್ತಿದ್ದನಂತೆ, ಚಿತ್ರ ಸಿಗಲಿಲ್ಲವಂತೆ, ಇನ್ನೊಂದು ಸಲ ಚೆಲ್ಲಬೇಕಂತೆ.

ವಿಠೋಬಾನ ಮುಖ ಕಪ್ಪಿಟ್ಟಿತು. "ತಾಯಿ ಉಂಡಾಳ್ರಿ. ಉಂಡಾಕಿ ಮುಂದ ಮತ್ತ ನಾಟಕ ಮಾಡಾಕ ಬರ್ತದೇನ್ರಿ?"

ಸಾಹೇಬ ಸುಮಿತ್ರಾಬಾಯಿಯ ಕಡೆ ತಿರುಗಿ ನಕ್ಕ. ಯಾರೂ ಬೇಡ ಅನ್ನಬಾರದು ಅಂತ ನೀವೇ ಕಲಿಸಿದ್ದಲ್ಲವೇ, ಸ್ವಲ್ಪ ಒಪ್ಪಿಸಿ ಅಂತ ಉರ್ದುವಿನಲ್ಲಿ ಹೇಳಿದ.

ಜನಾಬಾಯಿ ಕೇಳಿದಳು: "ನೀವೂ ಮಾಡು ಅಂತೀರೇನ್ರಿ, ಬಾಯೋರೆ?"

ಸುಮಿತ್ರಾಬಾಯಿಯ ಮೈಯೆಲ್ಲ ಉರಿದುಹೋಯಿತು. "ಬ್ಯಾಡ!" ಅಂತ ಕೂಗಿದರು. ಶಾಮಿಯಾನದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಜನರ ಬಾಯಿ ಬಿಡಿಸಲು ಹಾಕಿದ ಕಾಯಿದೆಯನ್ನು ಬಾಯಿ ಮುಚ್ಚಿಸಲು ಎತ್ತುವ ಈ ಮನುಷ್ಯನಿಗೆ ಏನನ್ನಬೇಕು? ಮೂರೂ ಭಾಷೆಯಲ್ಲಿ ಬೈದರು. ಸಾಹೇಬ ಕಿವಿ ಕೊಡಲಿಲ್ಲ. ಜೊತೆಗೆ ತಂದಿದ್ದ ಅಡುಗೆಯವನ ಕೈಗೇ ಅಂಬಲಿ ಗಡಿಗೆ ಕೊಟ್ಟು ಹೊಲದಲ್ಲಿ ನಡೆಸಿದ. ಅವನು ಚೆಲ್ಲಿದ, ಫೋಟೋದವನು ಚಿತ್ರ ಹೊಡೆದ. ಜನಾಬಾಯಿ ಮಕ್ಕಳನ್ನು ಕರೆದುಕೊಂಡು, ಉಣ್ಣದೆ ಮನೆಗೆ ಹೋದಳು. ಸುಮಿತ್ರಾಬಾಯಿ ಆ ಕೆಲಸ ಅಂದೇ ಬಿಟ್ಟರು.

ಮರುವರ್ಷ ಎಳ್ಳಮಾಸಿಗೆ ಅವರು ತಾವಾಗಿಯೇ ಮೊಗುಡಂಪಲ್ಲಿಯ ದಾರಿ ಹಿಡಿದರು. ಹೊಲದಲ್ಲಿ ಒಲೆಯ ಹೊಗೆ ಏಳುತ್ತಿತ್ತು. ಆದರೆ ಹೋಗಿ ಬರುವವರನ್ನು ತಡೆದು ಕರೆಯಲು ವಿಠೋಬಾ ದಾರಿಗೆ ಬಂದಿರಲಿಲ್ಲ. ಹೊಲದ ಬಾಯಿಗೆ ಜಾಲಿ ಮುಳ್ಳು ಎಳೆದಿದ್ದರು.

ಜನಾಬಾಯಿ ಓಡಿ ಬಂದಳು. ಗುರುತು ಹಿಡಿದು ನಕ್ಕಳು. ಮುಳ್ಳಿನ ಟೊಂಗೆ ಸರಿಸಲು ಬಗ್ಗಿದವಳು ತಡೆದು, ಅವರ ಹಿಂದಿನ ದಾರಿಯ ಕಡೆ ನೋಡಿದಳು.

"ಬರ್ರಿ ಬಾಯೋರೆ," ಅಂದಳು. "ಸಂಗಟ ಮತ್ಯಾರರ ಬಂದಾರೇನ್ರಿ?"